ಬ್ರೌನ್ ಟ್ರೌಟ್‌ಗೆ ಗಾಳ: ಎಸೆಯುವ ಮುನ್ನ ನಾನು ನೋಡುವುದು

ನದಿಗೆ ಹೋದೊಡನೆ ನನ್ನ ಚೀಲದಿಂದ ಮೊದಲು ಹೊರಬರುವುದು ಥರ್ಮಾಮೀಟರ್. ದಾರ ಕಟ್ಟಿ, ನೆರಳಿರುವ ಕಡೆ ಹರಿಯುವ ನೀರಿನಲ್ಲಿ ಒಂದೆರಡು ನಿಮಿಷ ಇಳಿಬಿಡುತ್ತೇನೆ. 10ರಿಂದ 16 ಡಿಗ್ರಿ ಸೆಲ್ಸಿಯಸ್ ಒಳಗೆ ತೋರಿಸಿದರೆ ಬ್ರೌನ್ ಟ್ರೌಟ್ ಮೇಯುವ ಹುರುಪಿನಲ್ಲಿದೆ ಎಂದು ನಂಬುತ್ತೇನೆ. 5 ಡಿಗ್ರಿಗಿಂತ ಕೆಳಗಿಳಿದರೆ ಅದು ತಳದಲ್ಲಿ ಮಂಕಾಗಿ ಬಿದ್ದಿರುತ್ತದೆ. ಆಹಾರ ಮೂಗಿನ ಮುಂದೆ ಬಂದರೂ ಬಾಯಿ ತೆರೆಯುವುದಕ್ಕೆ ಸೋಮಾರಿತನ. 20 ದಾಟಿದರೆ ಕೋಲನ್ನು ಚೀಲದಿಂದ ತೆಗೆಯುವುದೇ ಇಲ್ಲ. ಒಂದು ಲೀಟರ್ ನೀರು 10 ಡಿಗ್ರಿಯಲ್ಲಿ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 20 ಡಿಗ್ರಿಯಲ್ಲಿ ಹಿಡಿಯುವುದು ಸುಮಾರು 9 ಮಿಲಿಗ್ರಾಂ ಮಾತ್ರ. ಬಿಸಿ ಏರಿದಂತೆ ಮೀನಿನ ದೇಹಕ್ಕೆ ಬೇಕಾಗುವ ಆಮ್ಲಜನಕವೂ ಏರುತ್ತದೆ. ಅಂಥ ನೀರಿನಲ್ಲಿ ಗಾಳಕ್ಕೆ ಸಿಕ್ಕಿ ಸೆಣಸಾಡಿದ ಮೀನನ್ನು ಎಷ್ಟೇ ಜೋಪಾನವಾಗಿ ಬಿಟ್ಟರೂ ಅದು ಸಾಯುವ ಸಂಭವ ಹೆಚ್ಚು.

ಈ ಮೀನಿನ ಮೂಲ ಯುರೋಪ್, ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕದ ತಂಪು ನೀರು. 1864ರಲ್ಲಿ ಅದರ ಮೊಟ್ಟೆಗಳನ್ನು ಪಾಚಿಯಲ್ಲಿ ಸುತ್ತಿ, ಮಂಜುಗಡ್ಡೆಯ ನಡುವೆ ಇಟ್ಟು, ಇಂಗ್ಲೆಂಡಿನಿಂದ ಟಾಸ್ಮೇನಿಯಾಕ್ಕೆ ಹಡಗಿನಲ್ಲಿ ಸಾಗಿಸಿದರು. 1883ರಲ್ಲಿ ಜರ್ಮನಿಯಿಂದ ಅಮೆರಿಕಕ್ಕೂ ಮೊಟ್ಟೆಗಳು ಹೋದವು. ಈಗ ತಂಪು ನೀರಿರುವ ಎಷ್ಟೋ ದೇಶಗಳಲ್ಲಿ ಅದು ಮನೆ ಮಾಡಿಕೊಂಡಿದೆ, ಕೆಲವೆಡೆ ಸ್ಥಳೀಯ ಸಣ್ಣ ಮೀನುಗಳನ್ನು ತಿಂದು ಕೆಟ್ಟ ಹೆಸರನ್ನೂ ಪಡೆದಿದೆ. ಹಾಗಾಗಿ ನಿಯಮಗಳು ಒಂದೊಂದು ನದಿಗೆ ಒಂದೊಂದು ಥರ. ಪರವಾನಗಿ, ಅನುಮತಿಯಿರುವ ತಿಂಗಳುಗಳು, ಮೀನಿನ ಉದ್ದದ ಮಿತಿ, ಇವನ್ನು ಓದಿಕೊಳ್ಳದೆ ನಾನು ಹೊರಡುವುದಿಲ್ಲ. ಮಳೆಬಿಲ್ಲು ಟ್ರೌಟ್‌ನಿಂದ ಇದನ್ನು ಬೇರೆಯಾಗಿ ಗುರುತಿಸುವುದು ಸುಲಭ. ಬ್ರೌನ್ ಟ್ರೌಟ್‌ನ ಮೈಮೇಲೆ ಕಪ್ಪು ಚುಕ್ಕೆಗಳ ಜೊತೆ ತಿಳಿ ಉಂಗುರವಿರುವ ಕೆಂಪು ಚುಕ್ಕೆಗಳೂ ಇರುತ್ತವೆ, ಬಾಲದಲ್ಲಿ ಚುಕ್ಕೆಗಳು ಇಲ್ಲವೆನ್ನುವಷ್ಟು ಕಡಿಮೆ.

ಥರ್ಮಾಮೀಟರ್ ಒಪ್ಪಿದ ಮೇಲೆ ದಡದಲ್ಲಿ ಸುಮ್ಮನೆ ಕುಳಿತುಕೊಳ್ಳುತ್ತೇನೆ. ಜೊತೆಗೆ ಬಂದವರಿಗೆ ಇದು ಬೇಸರ ತರಿಸುತ್ತದೆ, ಆದರೆ ದಿನದ ಅತಿ ಮುಖ್ಯ ಕೆಲಸ ಇದೇ. ವೇಗದ ನೀರು ಆಹಾರ ತರುತ್ತದೆ, ನಿಧಾನದ ನೀರಿನಲ್ಲಿ ದಣಿಯದೆ ನಿಲ್ಲಬಹುದು. ಬ್ರೌನ್ ಟ್ರೌಟ್ ಈ ಎರಡರ ಗಡಿಯಲ್ಲಿ ಠಿಕಾಣಿ ಹೂಡುತ್ತದೆ. ಗಡಿ ಎಲ್ಲಿದೆ ಎಂಬುದನ್ನು ನೊರೆ ತೋರಿಸಿಕೊಡುತ್ತದೆ. ನೊರೆಯ ಸಾಲು ಸಾಗುವ ದಾರಿಯಲ್ಲೇ ಹುಳಗಳೂ ತೇಲಿಬರುತ್ತವೆ. ದೊಡ್ಡ ಬಂಡೆ ಕಂಡರೆ ಎಲ್ಲರೂ ಅದರ ಹಿಂದೆ ಗಾಳ ಹಾಕುತ್ತಾರೆ. ಬಂಡೆಗೆ ಬಡಿದ ನೀರು ಅದರ ಮುಂದೆಯೂ ಒಂದಿಷ್ಟು ನಿಧಾನವಾಗುತ್ತದೆ, ಆಹಾರ ಮೊದಲು ತಲುಪುವುದೂ ಅಲ್ಲಿಗೇ, ಹಾಗಾಗಿ ನಾನು ಮುಂಭಾಗವನ್ನು ಬಿಡುವುದಿಲ್ಲ. ದಡದ ಬುಡ ಕೊರೆದು ಪೊಟರೆಯಾದಲ್ಲಿ, ಬಿದ್ದ ಮರದ ಕೆಳಗೆ ಹಗಲಿಡೀ ಅಡಗಿರುವವು ದೊಡ್ಡ ಮೀನುಗಳು. ನೀರಿನ ಹೊಳಪನ್ನು ಕತ್ತರಿಸುವ ಪೋಲರಾಯ್ಡ್ ಕನ್ನಡಕವಿಲ್ಲದೆ ಇವು ಕಾಣುವುದಿಲ್ಲ. ಅದಿದ್ದರೂ ಬಹುಪಾಲು ಮೊದಲು ಕಣ್ಣಿಗೆ ಬೀಳುವುದು ಮೀನಲ್ಲ, ತಳದ ಮೇಲೆ ಅಲುಗಾಡುವ ಅದರ ನೆರಳು.

ಇನ್ನು ಹತ್ತಿರ ಹೋಗುವ ಬಗೆ. ನೀರಿನೊಳಗಿಂದ ಮೀನಿಗೆ ಹೊರಗಿನ ಜಗತ್ತು ತಲೆಯ ಮೇಲಿನ ಒಂದು ವೃತ್ತಾಕಾರದ ಕಿಟಕಿಯಲ್ಲಿ ಕಾಣುತ್ತದೆ. ಬೆಳಕು ಬಾಗುವ ನಿಯಮದಿಂದ ಆ ಕಿಟಕಿಯ ಕೋನ ಸುಮಾರು 97 ಡಿಗ್ರಿ. ತಗ್ಗಿನಲ್ಲಿರುವುದೆಲ್ಲ ಅದರ ಅಂಚಿನಲ್ಲಿ ಚಪ್ಪಟೆಯಾಗಿ ಮಸುಕಾಗುತ್ತದೆ. ಅದಕ್ಕೇ ನಾನು ಬಗ್ಗಿ, ಬೇಕಾದರೆ ಮೊಣಕಾಲೂರಿ ಸಾಗುತ್ತೇನೆ. ಬೆನ್ನ ಹಿಂದೆ ಪೊದೆಯೋ ದಿಬ್ಬವೋ ಇರುವಂತೆ ನೋಡಿಕೊಳ್ಳುತ್ತೇನೆ. ಮೀನು ಪ್ರವಾಹಕ್ಕೆ ಎದುರಾಗಿ ನಿಲ್ಲುವುದರಿಂದ ಕೆಳಹರಿವಿನ ಕಡೆಯಿಂದ, ಅಂದರೆ ಅದರ ಬೆನ್ನ ಕಡೆಯಿಂದ ಹೋಗಬೇಕು ಎಂಬುದು ಎಲ್ಲರಿಗೂ ಗೊತ್ತು. ಆದರೆ ಸುಳಿಯಲ್ಲಿ ನೀರು ಹಿಮ್ಮುಖವಾಗಿ ಹರಿಯುತ್ತದೆ, ಅಲ್ಲಿನ ಮೀನು ನದಿಗೆ ಬೆನ್ನು ಹಾಕಿ ನಮ್ಮನ್ನೇ ನೋಡುತ್ತಿರುತ್ತದೆ. ಮಾತು ಅದಕ್ಕೆ ಅಷ್ಟಾಗಿ ಕೇಳಿಸದು. ಕಾಲಡಿಯಲ್ಲಿ ಉರುಳುವ ಕಲ್ಲು ಮಾತ್ರ ಮೈಯ ಪಕ್ಕದ ಸಂವೇದನಾ ರೇಖೆಗೆ ತಟ್ಟನೆ ತಾಗುತ್ತದೆ.

ನಾನು ಬಳಸುವುದು ಒಂಬತ್ತು ಅಡಿಯ ಕೋಲು, ಐದನೇ ನಂಬರಿನ ಫ್ಲೈ ದಾರ, ಅದರ ತುದಿಗೆ ಇನ್ನೂ ಒಂಬತ್ತು ಅಡಿಯ, ಬರಬರುತ್ತ ತೆಳುವಾಗುವ ಪಾರದರ್ಶಕ ಲೀಡರ್. ಕೊನೆಯ ಎಳೆಯ ದಪ್ಪ 0.15 ಮಿಲಿಮೀಟರ್. ಅದಕ್ಕೆ ಕಟ್ಟುವುದೇ ಫ್ಲೈ, ಅಂದರೆ ಗಾಳಕ್ಕೆ ಗರಿ ಸುತ್ತಿ ಮಾಡಿದ ಹುಸಿಹುಳ. ಉಪಕರಣದ ಬಗ್ಗೆ ಇಷ್ಟು ಸಾಕು; ಈ ಹವ್ಯಾಸದಲ್ಲಿ ಅದರ ಚರ್ಚೆಗೆ ಅರ್ಹತೆಗಿಂತ ಹೆಚ್ಚು ಸಮಯ ಹೋಗುತ್ತದೆ.

ಸಮಯ ಕೊಡಬೇಕಾದದ್ದು ದಾರದ ಜಗ್ಗಾಟಕ್ಕೆ. ನದಿ ಅಡ್ಡಗಲಕ್ಕೂ ಒಂದೇ ವೇಗದಲ್ಲಿ ಹರಿಯುವುದಿಲ್ಲ. ನನ್ನ ಮತ್ತು ಮೀನಿನ ನಡುವೆ ವೇಗದ ಪಟ್ಟಿಯೊಂದಿದ್ದರೆ ಅದು ದಾರದ ನಡುಭಾಗವನ್ನು ಕೆಳಕ್ಕೆ ಒಯ್ಯುತ್ತದೆ, ದಾರ ಬಿಲ್ಲಿನಂತೆ ಬಾಗಿ ಬಿಗಿಯಾಗುತ್ತದೆ, ಗರಿ ಸುತ್ತಿದ ಆ ಹುಸಿಹುಳ ನೀರಿನ ಮೇಲೆ ಗೀರೆಳೆಯುತ್ತ ಓರೆಯಾಗಿ ಓಡುತ್ತದೆ. ಕ್ಯಾಡಿಸ್ ಹುಳ ಹಾಗೆ ಓಡುವುದುಂಟು, ಉಳಿದವು ಸಾಮಾನ್ಯವಾಗಿ ನೀರು ಒಯ್ದತ್ತ ಹೋಗುತ್ತವೆ. ಎಳೆಯ ಮೀನು ಈ ಮೋಸವನ್ನು ಲೆಕ್ಕಿಸದೆ ನುಂಗಬಹುದು. ಪಳಗಿದ ಬ್ರೌನ್ ಟ್ರೌಟ್ ಫ್ಲೈಯ ಕೆಳಗೆ ಬಂದು, ಒಂದು ಗಳಿಗೆ ಅದರ ಜೊತೆಗೇ ತೇಲಿ, ಮತ್ತೆ ತನ್ನ ಜಾಗಕ್ಕೆ ಇಳಿದುಬಿಡುತ್ತದೆ. ಆಗ ಅನೇಕರು ಪೆಟ್ಟಿಗೆ ತೆರೆದು ಬೇರೆ ಬಣ್ಣದ ಫ್ಲೈ ಹುಡುಕುತ್ತಾರೆ. ನಾನು ಜಾಗ ಬದಲಿಸುತ್ತೇನೆ. ಎರಡು ಹೆಜ್ಜೆ ಮುಂದೆ ಹೋದರೆ ಆ ವೇಗದ ಪಟ್ಟಿಯನ್ನು ದಾಟಿ ದಾರ ಹಾಸುವ ಅಗತ್ಯವೇ ಇರುವುದಿಲ್ಲ, ಕೋಲನ್ನು ಎತ್ತಿ ಹಿಡಿದು ದಾರವನ್ನು ನೀರಿನಿಂದ ಮೇಲಿಟ್ಟರೆ ಸಾಕಾಗುತ್ತದೆ. ಹತ್ತಿರ ಹೋಗಲು ದಾರಿಯಿಲ್ಲದಿದ್ದರೆ ದಾರ ನೀರಿಗೆ ಬಿದ್ದ ಕೂಡಲೇ ಅದರ ಹೊಟ್ಟೆಯನ್ನು ಮೇಲ್ಹರಿವಿನ ಕಡೆಗೆ ಎತ್ತಿ ಹಾಕುತ್ತೇನೆ, ಅಥವಾ ಎಸೆಯುವಾಗಲೇ ಕೋಲಿನ ತುದಿಯನ್ನು ಅಲ್ಲಾಡಿಸಿ ದಾರ ಅಂಕುಡೊಂಕಾಗಿ ಬೀಳುವಂತೆ ಮಾಡುತ್ತೇನೆ. ಆ ಸಡಿಲ ನೆಟ್ಟಗಾಗುವಷ್ಟರಲ್ಲಿ ಫ್ಲೈ ಮೀನಿನ ತಲೆಯನ್ನು ದಾಟಿರುತ್ತದೆ.

ನೀರಿನ ಮೇಲೆ ಏನೂ ಕಾಣದಿದ್ದರೆ ಮೀನು ಉಪವಾಸವಿದೆ ಎಂದಲ್ಲ. ಟ್ರೌಟ್ ತಿನ್ನುವುದರಲ್ಲಿ ಹೆಚ್ಚಿನ ಪಾಲು ನೀರಿನೊಳಗಿನದೇ: ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್‌ಗಳ ಮರಿಹುಳಗಳು. ಒಂದು ಕಲ್ಲನ್ನೆತ್ತಿ ತಿರುವಿದರೆ ಆ ನದಿಯ ಹುಳಗಳ ಗಾತ್ರ, ಬಣ್ಣ ತಿಳಿದುಬಿಡುತ್ತದೆ. ಅವಕ್ಕೆ ಹೋಲುವ ನಿಂಫ್‌ಗೆ, ಅಂದರೆ ನೀರಿನೊಳಗೆ ಮುಳುಗುವ ಫ್ಲೈಗೆ, ಟಂಗ್‌ಸ್ಟನ್ ಮಣಿ ಪೋಣಿಸಿ, ನೀರಿನ ಆಳದ ಒಂದೂವರೆ ಪಟ್ಟು ಮೇಲೆ ಪುಟ್ಟ ಬೆಂಡು ಕಟ್ಟುತ್ತೇನೆ. ಆಗೊಮ್ಮೆ ಈಗೊಮ್ಮೆ ನಿಂಫ್ ತಳಕ್ಕೆ ತಾಗಬೇಕು, ತಾಗದಿದ್ದರೆ ಆಳ ಸಾಲದು. ಬೆಂಡು ಮುಳುಗುವವರೆಗೂ ಕಾಯುವುದಿಲ್ಲ. ಅದು ತಡೆದು ನಿಂತರೂ, ಪಕ್ಕಕ್ಕೆ ಸರಿದರೂ ಕೋಲೆತ್ತುತ್ತೇನೆ. ಮೇಲ್ಮೈಯಲ್ಲಿ ತಿನ್ನುವ ಮೀನಿಗೆ ಇದು ತಿರುವುಮುರುವು: ಅದು ಬಾಯಿ ಮುಚ್ಚಿ ತಲೆ ಕೆಳಗೆ ಮಾಡುವವರೆಗೆ ತಾಳಬೇಕು. ಅದು ನಿಜಕ್ಕೂ ಮೇಲಿನದನ್ನೇ ತಿನ್ನುತ್ತಿದೆಯೇ ಎಂಬುದಕ್ಕೂ ಗುರುತಿದೆ. ಅಲೆಯ ಉಂಗುರದ ನಡುವೆ ಗುಳ್ಳೆ ಉಳಿದರೆ ಹುಳದ ಜೊತೆ ಗಾಳಿಯನ್ನೂ ನುಂಗಿದೆ ಎಂದರ್ಥ. ಗುಳ್ಳೆಯಿಲ್ಲದೆ ಬೆನ್ನು ಮಾತ್ರ ಕಂಡರೆ ಮೇಲೇರುತ್ತಿರುವ ಹುಳಗಳನ್ನು ಮೇಲ್ಮೈಗೆ ಒಂದೆರಡು ಬೆರಳು ಕೆಳಗೇ ಹಿಡಿಯುತ್ತಿದೆ.

ಸರೋವರದ ಲೆಕ್ಕವೇ ಬೇರೆ. ಪ್ರವಾಹ ಆಹಾರ ತಂದುಕೊಡುವುದಿಲ್ಲವಾದ್ದರಿಂದ ಮೀನೇ ಗಸ್ತು ತಿರುಗುತ್ತದೆ. ಮುಂಜಾನೆ ಅದು ಮೊಣಕಾಲುದ್ದದ ನೀರಿಗೂ ಬಂದಿರುತ್ತದೆ. ಬಂದವರು ನೇರ ನೀರಿಗಿಳಿದು ಸೊಂಟದವರೆಗೆ ನಿಂತು ದೂರಕ್ಕೆ ಎಸೆಯುವುದನ್ನು ನೋಡಿದಾಗ ನನಗೆ ನಗು ಬರುತ್ತದೆ, ಮೀನು ಅವರು ನಿಂತ ಜಾಗದಲ್ಲೇ ಇತ್ತು. ನಾನು ದಡದಿಂದ ದೂರ ನಿಂತು, ಅದು ಬರುವ ದಾರಿ ಗುರುತಿಸಿ, ಮುಂದಕ್ಕೆ ಎಸೆದು ಕಾಯುತ್ತೇನೆ. ಗಾಳಿ ಬೀಸಿದರೆ ಮೇಲೆ ತೇಲುವ ಹುಳಗಳೆಲ್ಲ ಎದುರು ದಡಕ್ಕೆ ತಳ್ಳಿಹೋಗುತ್ತವೆ. ಮುಖಕ್ಕೆ ಗಾಳಿ ಹೊಡೆಯುವ ಆ ದಡದಲ್ಲಿ ಎಸೆಯುವುದು ಕಷ್ಟ, ಮೀನು ಸಿಗುವುದೂ ಅಲ್ಲೇ. ಬೇಸಿಗೆಯಲ್ಲಿ ಮೇಲಿನ ಪದರ ಬಿಸಿಯಾಗಿ ಮೀನು ತಂಪಾದ ಆಳಕ್ಕೆ ಇಳಿದಾಗ ಫ್ಲೈ ಬದಿಗಿಟ್ಟು ಸ್ಪೂನ್ ಎಂಬ ಲೋಹದ ಹುಸಿಮೀನು ಕಟ್ಟುತ್ತೇನೆ. ಅದು ಮುಳುಗುವಾಗ ಮನಸ್ಸಿನಲ್ಲೇ ಎಣಿಸಿ, ಪ್ರತಿ ಎಸೆತಕ್ಕೂ ಎಣಿಕೆ ಹೆಚ್ಚಿಸುತ್ತ ಹೋಗುತ್ತೇನೆ. ಮೀನು ಕಚ್ಚಿದ ಎಣಿಕೆ ಅಂದಿನ ಆಳ. ಸಣ್ಣ ಮೀನುಗಳನ್ನೇ ತಿಂದು ಬೆಳೆದ ಭಾರಿ ಗಾತ್ರದವು ಹೊರಡುವುದು ಕತ್ತಲಾದ ಮೇಲೆ. ರಾತ್ರಿ ಕಾಲಿಡುವ ಜಾಗವನ್ನು ಹಗಲಿನಲ್ಲೇ ನಡೆದು ನೋಡಿಕೊಂಡಿರದಿದ್ದರೆ ನಾನು ಆ ಸಾಹಸಕ್ಕೆ ಹೋಗುವುದಿಲ್ಲ.

ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಸ ಮಾಡಿಯೇ ಬಳಸುತ್ತೇನೆ. ದಾರ ಸಡಿಲ ಬಿಡದಿದ್ದರೆ ಮೀನು ತಪ್ಪಿಹೋಗುವುದು ಅಪರೂಪ, ಬಿಡಿಸುವುದಂತೂ ಕ್ಷಣದ ಕೆಲಸ. ಕೋಲನ್ನು ಪಕ್ಕಕ್ಕೆ ಬಾಗಿಸಿ ಬೇಗ ಹತ್ತಿರ ತಂದು, ಒದ್ದೆ ಕೈಯಲ್ಲಿ, ನೀರಿನಿಂದ ಎತ್ತದೆ ಬಿಡಿಸುತ್ತೇನೆ. ಒಣಗಿದ ಕೈ ಮೈಯ ಲೋಳೆಯನ್ನು ಕಿತ್ತರೆ ಆ ಜಾಗಕ್ಕೆ ಬೂಷ್ಟು ಹಿಡಿಯುತ್ತದೆ. ಶರತ್ಕಾಲದಲ್ಲಿ ಹೆಣ್ಣುಮೀನು ಬಾಲ ಬಡಿದು ಜಲ್ಲಿಯಲ್ಲಿ ಗುಂಡಿ ತೋಡಿ ಮೊಟ್ಟೆಯಿಡುತ್ತದೆ. ಸುತ್ತಲಿನ ತಳಕ್ಕಿಂತ ಬೆಳ್ಳಗೆ ತೊಳೆದಂತೆ ಕಾಣುವ ಆ ಜಲ್ಲಿಯ ಮೇಲೆ ಕಾಲಿಡುವಂತಿಲ್ಲ. 10 ಡಿಗ್ರಿ ನೀರಿನಲ್ಲಿ ಮೊಟ್ಟೆ ಒಡೆಯಲು ಸುಮಾರು 40 ದಿನ, 5 ಡಿಗ್ರಿಯಲ್ಲಿ ಅದರ ಎರಡರಷ್ಟು. ಮರಿಗಳು ಅದಾದ ಮೇಲೂ ವಾರಗಟ್ಟಲೆ ಜಲ್ಲಿಯೊಳಗೇ ಇರುತ್ತವೆ, ಹಾಗಾಗಿ ಚಳಿಗಾಲ ಮುಗಿಯುವವರೆಗೆ ಅಂಥ ಜಾಗಗಳನ್ನು ದಡದಿಂದಲೇ ಸುತ್ತು ಹಾಕಿ ದಾಟುತ್ತೇನೆ.