ಬೆರಿಲಿಯಂ ಇಲ್ಲದ ಲೋಹಗಾಜಿಗೆ ತನ್ಯತೆ ತಂದ ನನ್ನ ಅನುಭವ

ಜಿರ್ಕೋನಿಯಂ 52.5, ತಾಮ್ರ 17.9, ನಿಕೆಲ್ 14.6, ಅಲ್ಯೂಮಿನಿಯಂ 10, ಟೈಟಾನಿಯಂ 5 ಪರಮಾಣು ಶೇಕಡಾ ಇರುವ ಮಿಶ್ರಲೋಹ ಒಂದು ಲೋಹಗಾಜು, ಅಂದರೆ ಪರಮಾಣುಗಳು ಗಾಜಿನಲ್ಲಿರುವಂತೆ ಕ್ರಮವಿಲ್ಲದೆ ಗಟ್ಟಿಯಾದ ಲೋಹ. ಅದರಲ್ಲಿ ಬಲ ಸಿಗುತ್ತದೆಯೇ ಹೊರತು ತನ್ಯತೆ (ಮುರಿಯದೆ ಶಾಶ್ವತವಾಗಿ ರೂಪ ಬದಲಿಸುವ ಗುಣ) ಸಿಗುವುದಿಲ್ಲವೆಂದು ನಮ್ಮ ಪ್ರಯೋಗಾಲಯದ ಹಿರಿಯರು ನಂಬಿದ್ದರು. ಈಗ 3 ಮಿ.ಮೀ. ಸರಳುಗಳು ಸುಮಾರು 1.7 ಗಿಗಾಪ್ಯಾಸ್ಕಲ್ ಒತ್ತಡದಲ್ಲಿ ಮಣಿದು, ಅನಂತರವೂ ಶೇಕಡಾ 5ರ ಆಸುಪಾಸು ಕುಗ್ಗಿ ಮುರಿಯುತ್ತಿವೆ.

ಆರಂಭದ ಎರಕಗಳೆಲ್ಲ ಸ್ಪಾಂಜ್ ಜಿರ್ಕೋನಿಯಂನವು; ಅದು ಅಗ್ಗ, ಆದರೆ ಅದರಲ್ಲಿ ಪೆಡಸು ತರುವ ಆಮ್ಲಜನಕ ಹೆಚ್ಚು. ಎಕ್ಸ್‌ಆರ್‌ಡಿಯಲ್ಲಿ (ಸ್ಫಟಿಕಗಳನ್ನು ಪತ್ತೆಹಚ್ಚುವ ಎಕ್ಸ್-ಕಿರಣ ಪರೀಕ್ಷೆ) ಒಂದೂ ಸ್ಫಟಿಕದ ಮೊನೆ ಕಾಣದಿದ್ದರೂ, ಸ್ಥಿತಿಸ್ಥಾಪಕ ಮಿತಿಯಾದ ಶೇಕಡಾ 2 ತಲುಪುತ್ತಲೇ ಮಾದರಿಗಳು ಕಿಡಿ ಕಾರಿ ಚೂರಾಗುತ್ತಿದ್ದವು. ದುಡ್ಡು ಉಳಿಸಲು ಕುಲುಮೆಯ ಕೋಣೆಯಲ್ಲಿ ಆಮ್ಲಜನಕ ಹೀರುವ ಟೈಟಾನಿಯಂ ತುಂಡನ್ನು, ಅಂದರೆ ಗೆಟರನ್ನು, ಹೆಚ್ಚು ಹೊತ್ತು ಕರಗಿಸಿ ನೋಡಿದೆ. ಗೆಟರ್ ಕೋಣೆಯ ಅನಿಲವನ್ನು ಶುದ್ಧಗೊಳಿಸುತ್ತದೆ, ಲೋಹದೊಳಗೆ ಆಗಲೇ ಕರಗಿರುವ ಆಮ್ಲಜನಕವನ್ನು ಹೊರತೆಗೆಯುವುದಿಲ್ಲ. ಕೊನೆಗೆ ಹಲವು ಪಟ್ಟು ದುಬಾರಿಯಾದ ಕ್ರಿಸ್ಟಲ್ ಬಾರ್ ಎಂಬ ಅತಿ ಶುದ್ಧ ಜಿರ್ಕೋನಿಯಂ ತರಿಸಬೇಕಾಯಿತು. ಆ ವರ್ಷದ ಸಾಮಗ್ರಿ ಹಣದ ಅರ್ಧದಷ್ಟು ಅದಕ್ಕೂ ಆರ್ಗಾನ್ ಸಿಲಿಂಡರುಗಳಿಗೂ ಹೋಯಿತು. ಅಷ್ಟಾದರೂ ದಕ್ಕಿದ್ದು ಶೇಕಡಾ ಒಂದರಷ್ಟು ಪ್ಲಾಸ್ಟಿಕ್ (ಶಾಶ್ವತ) ವಿರೂಪ ಮಾತ್ರ.

ಉಳಿದದ್ದು ದ್ರವ ಸಾರಜನಕದಿಂದ ಬಂತು. ಸರಳುಗಳನ್ನು 77 ಕೆಲ್ವಿನ್‌ಗೂ ಕೋಣೆಯ ಉಷ್ಣತೆಗೂ ಮತ್ತೆ ಮತ್ತೆ ಒಯ್ದರೆ ಗಾಜು ಪುನಶ್ಚೇತನಗೊಳ್ಳುತ್ತದೆ, ಅಂದರೆ ಅದರ ಪರಮಾಣು ಜೋಡಣೆ ಸಡಿಲವಾಗುತ್ತದೆಂದು ಕೆಟೊವ್ ಮತ್ತು ಸಂಗಡಿಗರು 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದ್ದರು. ಎಷ್ಟು ಸುತ್ತು, ಪ್ರತಿ ಸುತ್ತಿನಲ್ಲಿ ಎಷ್ಟು ಹೊತ್ತು ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಕುತೂಹಲಕ್ಕೆ ಅದೇ ಸರಳುಗಳಲ್ಲಿ ಕೆಲವನ್ನು ಸುಮಾರು 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹದಗೊಳಿಸಿದಾಗ ಗಳಿಸಿದ್ದೆಲ್ಲ ಅಳಿದು, ಅವು ಮೊದಲಿಗಿಂತಲೂ ಪೆಡಸಾದವು.

ಗಿಡ್ಡ ಮಾದರಿಯನ್ನು ಒತ್ತಿ ತನ್ಯತೆ ಬಂತೆಂದು ಹೇಳುತ್ತಿದ್ದೀರಿ ಎಂಬ ಆಕ್ಷೇಪ ಬರುವುದು ಗೊತ್ತಿದ್ದರಿಂದ, ಎತ್ತರವನ್ನು ವ್ಯಾಸದ ಎರಡರಷ್ಟು, ಅಂದರೆ 6 ಮಿ.ಮೀ. ಇಟ್ಟು, ಎರಡೂ ತುದಿಗಳನ್ನು ಸಮಾಂತರವಾಗಿ ಉಜ್ಜಿದೆ. ತುದಿ ಓರೆಯಾಗಿದ್ದರೂ ಷಿಯರ್ ಬ್ಯಾಂಡುಗಳು (ಲೋಹ ಜಾರುವ ತೆಳು ಪಟ್ಟಿಗಳು) ಕವಲೊಡೆದು ಇಲ್ಲದ ತನ್ಯತೆ ಇದ್ದಂತೆ ಕಾಣುತ್ತದೆ. ಉಜ್ಜಲು ಹಿಡಿಯುವ ಜಿಗ್ ನನ್ನದೇ ವಿನ್ಯಾಸ, ಅದರ ಚಿತ್ರವನ್ನು ಕೊಡಲಾರೆ. ಒತ್ತಡ ಮತ್ತು ವಿರೂಪದ ವಕ್ರರೇಖೆಯಲ್ಲಿ ಗರಗಸದ ಹಲ್ಲುಗಳಂಥ ಸಣ್ಣ ಇಳಿತಗಳು ಸಾಲಾಗಿ ಬಂದವು. ಭೂತಗನ್ನಡಿ ಹಿಡಿದರೆ ಸರಳಿನ ಮೈಮೇಲೆ 45 ಡಿಗ್ರಿಗಿಂತ ತುಸು ಕಡಿಮೆ ಓರೆಯಲ್ಲಿ ಒಂದರ ಪಕ್ಕ ಒಂದು ಮೆಟ್ಟಿಲುಗಳು ಕಾಣುತ್ತಿದ್ದವು. ಹಳೆಯ ಮಾದರಿಗಳಲ್ಲಿ ಇದ್ದದ್ದು ಒಂದೇ ಸೀಳು.

ಇದೆಲ್ಲ ಒತ್ತುವ ಪರೀಕ್ಷೆಯ ಮಾತು. ಎಳೆದಾಗ ಇದೇ ಸರಳು ಹಿಗ್ಗದೆ ತುಂಡಾಗುತ್ತದೆ. ಎಳೆತದಲ್ಲೂ ತನ್ಯತೆ ಬೇಕೆನ್ನುವವರು ಗಾಜಿನೊಳಗೆ ಡೆಂಡ್ರೈಟ್‌ಗಳನ್ನು (ಮರದಂತೆ ಕವಲೊಡೆದ ಸ್ಫಟಿಕಗಳನ್ನು) ಬೆಳೆಸುವ ಬೇರೆ ಮಿಶ್ರಲೋಹಕ್ಕೇ ಹೋಗಬೇಕು.