ಅಪ್ಪನ ಕತ್ತರಿ, ಇಂಗ್ಲಿಷಿನ ಶಿಯರ್: ಒಂದು ಪದದ ಬೇರು ಹುಡುಕುವುದು ಹೀಗೆ

ನಮ್ಮದು ಬಾದಾಮಿ ತಾಲ್ಲೂಕಿನಲ್ಲಿ ಮಲಪ್ರಭೆ ದಂಡೆಯ ಊರು. ಮನೆಯಲ್ಲಿ ಕುರಿ ಇದ್ದವು. ಉಣ್ಣೆ ಕತ್ತರಿಸುವ ಮೊದಲು ಕುರಿಗಳನ್ನು ಹೊಳೆಗೆ ಹೊಡೆದುಕೊಂಡು ಹೋಗಿ ಮೈ ತೊಳೆಯುವುದು ಹುಡುಗರಾದ ನಮ್ಮ ಕೆಲಸ. ಕತ್ತರಿ ಮಾತ್ರ ಅಪ್ಪನ ಕೈಯಲ್ಲೇ. ಅದನ್ನು ಬೇರೆಯವರು ಮುಟ್ಟುವಂತಿರಲಿಲ್ಲ. ಮುಂದೆ ನಾನು ಐಟಿಐ ಮುಗಿಸಿ ಬೆಳಗಾವಿಯ ಉದ್ಯಮಬಾಗಕ್ಕೆ ಬಂದೆ. ತಗಡು ಕತ್ತರಿಸುವ ಯಂತ್ರದ ಮೇಲೆ 26 ವರ್ಷ ದುಡಿದೆ. ಅದನ್ನು ಎಲ್ಲರೂ ಶಿಯರಿಂಗ್ ಮಷೀನ್ ಅಂತ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ. ಶಿಯರ್ ಅಂದರೆ ಏನು ಅಂತ ಒಂದು ದಿನವೂ ಕೇಳಿಕೊಳ್ಳಲಿಲ್ಲ.

ಕೇಳಿದವಳು ತಂಗಿಯ ಮಗಳು. ಪಿಯುಸಿ ಭೌತಶಾಸ್ತ್ರದ ಪುಸ್ತಕ ಹಿಡಿದುಕೊಂಡು ಬಂದಳು. "ಮಾಮಾ, ಶಿಯರ್ ಅಂದ್ರ ಕತ್ತರಿಸೋದು ಹೌದಲ್ಲೊ? ಇಲ್ಲಿ ಶಿಯರ್ ಸ್ಟ್ರೆಸ್ ಅಂತ ಬರದಾರ. ಆದ್ರ ಇಲ್ಲೇನೂ ಕತ್ತರಿಸಿಲ್ಲಲ್ಲ?"

ಅವಳಿಗೆ ಉತ್ತರ ಕೊಡಲು ನನಗೆ ಎರಡು ವಾರ ಹಿಡಿಯಿತು. ಆ ಎರಡು ವಾರದಲ್ಲಿ ಒಂದು ಪದವನ್ನು ಬೇರಿನ ತನಕ ಕಲಿಯುವ ದಾರಿ ಸಿಕ್ಕಿತು. ಇಂಗ್ಲಿಷ್ ಪದಗಳನ್ನು ಕಂಠಪಾಠ ಮಾಡಿ ಸೋತ ಮಕ್ಕಳು ಊರಲ್ಲಿ ಬಹಳ ಇದ್ದಾರೆ. ಅವರಿಗೂ, ಅವರ ತಂದೆ ತಾಯಿಗೂ ಇದು ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ನಿಘಂಟು ತೆಗೆಯಬೇಡಿ. ಆ ಪದವನ್ನು ಎಲ್ಲೆಲ್ಲಿ ಕೇಳಿದ್ದೀರಿ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ನನ್ನ ಹಾಳೆಯಲ್ಲಿ ನಾಲ್ಕು ಬಂದವು. ತಗಡಿನ ಮಷೀನು ಒಂದು. ಹೊಲದ ಮಣ್ಣು ಪುಡಿ ಮಾಡುವ ರೋಟಾವೇಟರಿನ ಶಿಯರ್ ಬೋಲ್ಟ್ ಇನ್ನೊಂದು. ಟಿವಿಯಲ್ಲಿ ಚಂಡಮಾರುತದ ಸುದ್ದಿ ಬಂದಾಗ ಹೇಳುವ ವಿಂಡ್ ಶಿಯರ್ ಮೂರನೆಯದು. ಹುಡುಗಿಯ ಶಿಯರ್ ಸ್ಟ್ರೆಸ್ ನಾಲ್ಕನೆಯದು. ಬೇರೆ ಬೇರೆ ಊರಿನ ನಾಲ್ಕು ಮಂದಿ ಒಂದೇ ಅಡ್ಡಹೆಸರು ಇಟ್ಟುಕೊಂಡಂತೆ ಕಂಡಿತು.

ಆಮೇಲೆ, ಈ ನಾಲ್ಕೂ ಕಡೆ ಕಣ್ಣಿಗೆ ಕಾಣುವ ಒಂದೇ ಚಿತ್ರ ಯಾವುದು ಅಂತ ಹುಡುಕಿ. ಇಲ್ಲಿ ಅವಸರ ಮಾಡಬಾರದು. ಅರ್ಧ ಕೆಲಸ ಇಲ್ಲೇ ಆಗುತ್ತದೆ.

ನನಗೆ ಗೊತ್ತಿದ್ದ ಮಷೀನಿನಿಂದ ಶುರು ಮಾಡಿದೆ. ಕೆಳಗಿನ ಬ್ಲೇಡ್ ಅಲುಗಾಡುವುದಿಲ್ಲ. ಮೇಲಿನದು ಅದರ ಪಕ್ಕವನ್ನು ಸವರಿಕೊಂಡು ಇಳಿಯುತ್ತದೆ. ಎರಡೂ ಒಂದಕ್ಕೊಂದು ಎದುರಾಗಿ ಬಡಿಯುವುದಿಲ್ಲ, ಪಕ್ಕದಲ್ಲಿ ಜಾರುತ್ತವೆ. ನಡುವೆ ಬಿಡುವ ಸಂದಿ ತಗಡಿನ ದಪ್ಪಕ್ಕೆ ತಕ್ಕಂತೆ ಇರಬೇಕು. ಸಂದಿ ಜಾಸ್ತಿಯಾದರೆ ತಗಡು ಕತ್ತರಿಸುವ ಬದಲು ಮಡಚಿಕೊಂಡು ಒಳಗೆ ಎಳೆಯುತ್ತದೆ, ಅಂಚಿನಲ್ಲಿ ಮುಳ್ಳು ಏಳುತ್ತವೆ. ಅಪ್ಪನ ಕತ್ತರಿಯೂ ಹಾಗೇ. ನಡುವಿನ ಮೊಳೆ ಸಡಿಲಾದರೆ ಎರಡು ಅಲಗಿನ ನಡುವೆ ಉಣ್ಣೆ ಸಿಕ್ಕಿ ಹಾಕಿಕೊಳ್ಳುತ್ತಿತ್ತು, ಕುರಿ ನೋವಿಗೆ ಒದರುತ್ತಿತ್ತು. ಅಪ್ಪ ತಕ್ಷಣ ನಿಲ್ಲಿಸಿ ಕಲ್ಲಿನ ಮೇಲಿಟ್ಟು ಮೊಳೆ ಬಡಿಯುತ್ತಿದ್ದರು. ಅಲಗು ಎಷ್ಟೇ ಹರಿತವಿದ್ದರೂ ಎರಡೂ ಒತ್ತಿಕೊಂಡು ಜಾರದಿದ್ದರೆ ಕತ್ತರಿ ಕತ್ತರಿಸುವುದಿಲ್ಲ.

ಇದು ಗೊತ್ತಾದ ಮೇಲೆ ಉಳಿದ ಮೂರೂ ಬಿಡಿಸಿಕೊಂಡವು. ರೋಟಾವೇಟರಿನ ಶಾಫ್ಟಿನಲ್ಲಿ ಒಂದು ಬೋಲ್ಟ್ ಇರುತ್ತದೆ. ಹಲ್ಲಿಗೆ ದೊಡ್ಡ ಕಲ್ಲು ಸಿಕ್ಕಾಗ ಒಂದು ಭಾಗ ನಿಲ್ಲುತ್ತದೆ, ಇನ್ನೊಂದು ತಿರುಗುತ್ತಲೇ ಇರುತ್ತದೆ. ಆ ಎರಡರ ನಡುವೆ ಬೋಲ್ಟ್ ಕತ್ತರಿಸಿ ಬೀಳುತ್ತದೆ. ಅದು ಬೀಳಲಿ ಅಂತಲೇ ಹಾಕಿರುವುದು. ನಮ್ಮ ಮನೆಯಲ್ಲಿ ಒಮ್ಮೆ ಪದೇ ಪದೇ ತುಂಡಾಗುತ್ತದೆ ಅಂತ ಗಟ್ಟಿ ಬೋಲ್ಟ್ ಹಾಕಿದೆವು. ಬೋಲ್ಟ್ ಉಳಿಯಿತು, ಗೇರ್ ಬಾಕ್ಸ್ ಹೋಯಿತು. ಆ ಹೆಸರಿನ ಅರ್ಥ ಮೊದಲೇ ಗೊತ್ತಿದ್ದರೆ ಆ ಖರ್ಚು ಬರುತ್ತಿರಲಿಲ್ಲ.

ಹುಡುಗಿಗೆ ತೋರಿಸಲು ಅಡುಗೆಮನೆಗೆ ಹೋದೆ. ಕಟಕ್ ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟೆ. ಕೆಳಗಿನದನ್ನು ಒತ್ತಿ ಹಿಡಿದು ಮೇಲಿನದನ್ನು ಅಂಗೈಯಿಂದ ಅಡ್ಡಕ್ಕೆ ಮೆಲ್ಲಗೆ ನೂಕು ಅಂದೆ. ರೊಟ್ಟಿಯ ರಾಶಿ ಒಂದು ಕಡೆ ವಾಲಿತು. ಯಾವ ರೊಟ್ಟಿಯೂ ಮುರಿಯಲಿಲ್ಲ, ಒಂದರ ಮೇಲೊಂದು ಜಾರಿದವು ಅಷ್ಟೇ. ವಸ್ತುವಿನ ಮೈಗೆ ಸಮಾನಾಂತರವಾಗಿ ನೂಕುವ ಬಲವನ್ನು ಆ ಮೈಯ ವಿಸ್ತೀರ್ಣದಿಂದ ಭಾಗಿಸಿದರೆ ಸಿಗುವುದು ಶಿಯರ್ ಸ್ಟ್ರೆಸ್. ರಾಶಿ ಎಷ್ಟು ಓರೆಯಾಯಿತೋ ಆ ಕೋನ ಶಿಯರ್ ಸ್ಟ್ರೇನ್. ಕತ್ತರಿ ಮಾಡುವುದೂ ಇದನ್ನೇ, ಆದರೆ ತುಂಡಾಗುವ ತನಕ ಮಾಡುತ್ತದೆ. ವಿಂಡ್ ಶಿಯರ್ ಅಂದರೂ ರೊಟ್ಟಿಯ ರಾಶಿಯೇ. ಮೇಲಿನ ಗಾಳಿ ಒಂದು ದಿಕ್ಕಿಗೆ ಜೋರಾಗಿ, ಕೆಳಗಿನದು ಇನ್ನೊಂದು ದಿಕ್ಕಿಗೋ ನಿಧಾನವಾಗಿಯೋ ಬೀಸಿದರೆ ಚಂಡಮಾರುತದ ತಲೆ ಒಂದು ಕಡೆ, ಬುಡ ಒಂದು ಕಡೆ ಆಗಿ ಅದು ಸೊರಗುತ್ತದೆ.

ಈಗ ನಿಘಂಟು ತೆಗೆಯಿರಿ. ಪದದ ಮೂಲ ಕೊಡುವ ನಿಘಂಟೇ ಬೇಕು, ಬರೀ ಅರ್ಥ ಕೊಡುವುದಲ್ಲ. ಮೊದಲು ಸ್ಪೆಲ್ಲಿಂಗ್ ನೋಡಿಕೊಳ್ಳಿ. ಎಸ್, ಎಚ್, ಇ, ಎ, ಆರ್ ಎಂದಿದ್ದರೆ ನಮ್ಮ ಪದ. ನಡುವೆ ಎರಡು ಇ ಬಂದರೆ ಅದೇ ಉಚ್ಚಾರದ ಬೇರೆ ಪದ. ಅದರ ಹಿಂದೆ ಹೊಳೆಯುವ, ತಿಳಿಯಾದ ಎಂಬ ಹಳೆಯ ಅರ್ಥ ಇದೆ. ಆರಪಾರ ಕಾಣುವ ತೆಳು ಬಟ್ಟೆಗೆ ಹೇಳುವುದು ಅದನ್ನೇ.

ನಮ್ಮ ಪದ ಹಳೆಯ ಇಂಗ್ಲಿಷಿನಲ್ಲಿ ಸ್ಕೆರನ್ ಎಂಬ ರೂಪದಿಂದ ಬಂದಿದೆ. ಹರಿತವಾದುದರಿಂದ ಕಡಿಯುವುದು, ಸೀಳುವುದು, ಕೂದಲು ಕತ್ತರಿಸುವುದು ಎಲ್ಲಕ್ಕೂ ಅದೇ ಪದ ಇತ್ತು. ಈಗ ಅದು ಕುರಿ ಉಣ್ಣೆಗೂ ತಗಡಿಗೂ ಹೆಚ್ಚು ಅಂಟಿಕೊಂಡಿದೆ. ಕುರಿಯ ಉಣ್ಣೆ ಕತ್ತರಿಸಿ ಆಗಿದೆ ಅನ್ನಲು ಶಾರ್ನ್ ಅನ್ನಿ. ಬೋಲ್ಟ್ ಕತ್ತರಿಸಿ ಬಿತ್ತು ಅನ್ನಲು ಶಿಯರ್ಡ್ ಅನ್ನಿ. ಇಷ್ಟು ವ್ಯಾಕರಣ ಸಾಕು.

ಮುಂದೆ ಒಂದು ಚಿಕ್ಕ ನಿಯಮ ಕಲಿಯಬೇಕು. ಹಳೆಯ ಇಂಗ್ಲಿಷಿನ ಸ್ಕ ಸದ್ದು ಕಾಲ ಕಳೆದಂತೆ ಶ ಆಯಿತು. ಉತ್ತರದ ನಾರ್ವೆ, ಡೆನ್ಮಾರ್ಕ್ ಕಡೆಯ ಹಳೆಯ ನಾರ್ಸ್ ಭಾಷೆಯಲ್ಲಿ ಮಾತ್ರ ಸ್ಕ ಹಾಗೇ ಉಳಿಯಿತು. ಆ ನಾರ್ಸ್ ಮಂದಿ ಇಂಗ್ಲೆಂಡಿಗೆ ಬಂದು ನೆಲೆಸಿದಾಗ ತಮ್ಮ ಪದಗಳನ್ನೂ ತಂದರು. ಹಾಗಾಗಿ ಒಂದೇ ಬಟ್ಟೆಗೆ ಎರಡು ಹೆಸರಾದವು. ಇಂಗ್ಲಿಷಿನದು ಶರ್ಟ್, ನಾರ್ಸಿನದು ಸ್ಕರ್ಟ್. ಎರಡರ ಹಿಂದೆಯೂ ಕತ್ತರಿಸಿದ ಗಿಡ್ಡ ಬಟ್ಟೆ ಎಂಬ ಅರ್ಥ ಇದೆ. ಮುಂದೆ ಒಂದು ಸೊಂಟದ ಮೇಲೆ ಹೋಯಿತು, ಇನ್ನೊಂದು ಕೆಳಗೆ ಇಳಿಯಿತು. ಈ ನಿಯಮ ಹಿಡಿದುಕೊಂಡು ಹೊರಡಿ. ಶಾರ್ಟ್ ಅಂದರೆ ಕತ್ತರಿಸಿ ಗಿಡ್ಡ ಮಾಡಿದ್ದು. ಶಾರ್ಡ್ ಅಂದರೆ ಒಡೆದ ಮಡಕೆಯ ಚೂರು. ಶೇರ್ ಅಂದರೆ ಕತ್ತರಿಸಿ ಕೊಟ್ಟ ಪಾಲು, ಷೇರು ಪೇಟೆಯ ಷೇರೂ ಅದೇ. ನೇಗಿಲ ಕುಳಕ್ಕೂ ಇಂಗ್ಲಿಷಿನಲ್ಲಿ ಶೇರ್ ಅಂತಲೇ ಅನ್ನುತ್ತಾರೆ, ಯಾಕೆಂದರೆ ಅದು ನೆಲ ಸೀಳುತ್ತದೆ.

ಸ್ಕ ಇರುವ ಕಡೆಯಿಂದ ಬಂದದ್ದು ಸ್ಕೋರ್. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ನಾರ್ಸಿನಲ್ಲಿ ಅದರ ಅರ್ಥ ಕೋಲಿನ ಮೇಲೆ ಕೊಯ್ದ ಗುರುತು. ಇಪ್ಪತ್ತು ಎಂಬ ಅರ್ಥವೂ ಇತ್ತು. ಕುರಿಯಂಥ ದೊಡ್ಡ ಲೆಕ್ಕ ಮಾಡುವಾಗ ಇಪ್ಪತ್ತಕ್ಕೊಂದು ಗುರುತು ಕೊಯ್ಯುತ್ತಿದ್ದರು, ಅದರಿಂದ ಇದು ಬಂದಿರಬೇಕು ಎಂದು ಪದದ ಮೂಲ ಹುಡುಕುವವರು ಹೇಳುತ್ತಾರೆ. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕುಳಿತೆ. ನಮ್ಮ ಹಟ್ಟಿಯ ಗೋಡೆಯ ಮೇಲೆ ಅಪ್ಪ ಇಪ್ಪತ್ತು ಕುರಿಗೊಂದು ಇದ್ದಲಿನ ಗೀಟು ಎಳೆಯುತ್ತಿದ್ದರು. ಇಂಗ್ಲೆಂಡಿನ ಸರಕಾರವೂ ನೂರಾರು ವರ್ಷ ಕೋಲು ಕೊಯ್ದೇ ಲೆಕ್ಕ ಇಟ್ಟಿತ್ತು. ಕೋಲಿಗೆ ಗುರುತು ಹಾಕಿ ಉದ್ದಕ್ಕೆ ಸೀಳಿ, ಕೊಟ್ಟವನಿಗೆ ಅರ್ಧ, ಪಡೆದವನಿಗೆ ಅರ್ಧ. ಎರಡನ್ನೂ ಜೋಡಿಸಿದರೆ ಗುರುತು ಕೂಡಬೇಕು, ಮೋಸಕ್ಕೆ ಜಾಗವಿಲ್ಲ. 1834ರ ಅಕ್ಟೋಬರಿನಲ್ಲಿ ಬೇಡವಾದ ಹಳೆಯ ಕೋಲುಗಳನ್ನು ಒಲೆಗೆ ಹಾಕಿ ಸುಡುವಾಗ ಅವರ ಪಾರ್ಲಿಮೆಂಟೇ ಹೊತ್ತಿ ಉರಿಯಿತು. ಆ ಕೋಲಿನ ಹೆಸರು ಟ್ಯಾಲಿ. ಅದು ಬಂದದ್ದು ಲ್ಯಾಟಿನ್ನಿನ ತಾಲಿಯಾ ಎಂಬ ಇನ್ನೊಂದು ಬೇರಿನಿಂದ. ತಾಲಿಯಾ ಅಂದರೆ ಕತ್ತರಿಸಿದ ಕಡ್ಡಿ. ಟೇಲರ್, ರಿಟೇಲ್, ಡಿಟೇಲ್ ಮೂರೂ ಆ ಬೇರಿನ ಮಕ್ಕಳು. ಆ ಮನೆಯ ಕಥೆಯನ್ನು ನೀವೇ ಇದೇ ರೀತಿ ಹುಡುಕಿ ನೋಡಿ.

ನಿಘಂಟಿನಲ್ಲಿ ಕೊನೆಗೆ ನಕ್ಷತ್ರದ ಗುರುತು ಹಾಕಿದ ಒಂದು ಬೇರು ಸಿಗುತ್ತದೆ, ಸ್ಕೆರ್ ಎಂದು. ಆ ನಕ್ಷತ್ರದ ಗುರುತಿನ ಅರ್ಥ ಇಷ್ಟು: ಇದನ್ನು ಯಾರೂ ಬರೆದಿಟ್ಟಿಲ್ಲ, ಮಕ್ಕಳ ಮುಖ ನೋಡಿ ಅಜ್ಜನ ಮುಖ ಹೀಗಿತ್ತು ಅಂತ ವಿದ್ವಾಂಸರು ಕಟ್ಟಿದ ರೂಪ. ಈ ಹುಡುಕಾಟಕ್ಕೆ ದೊಡ್ಡ ಬಲ ಬಂದದ್ದು 1786ರಲ್ಲಿ. ಆ ವರ್ಷ ಕಲ್ಕತ್ತೆಯಲ್ಲಿ ನ್ಯಾಯಾಧೀಶನಾಗಿದ್ದ ವಿಲಿಯಂ ಜೋನ್ಸ್, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದವು ಎಂದು ಹೇಳಿದ. ಸ್ಕೆರ್ ಬೇರಿನ ಮುಂದಿನ ಎಸ್ ಕೆಲವು ಭಾಷೆಗಳಲ್ಲಿ ಬಿದ್ದು ಹೋಗುತ್ತದೆ. ಆಗ ಉಳಿಯುವುದು ಕ. ಲ್ಯಾಟಿನ್ನಿನಲ್ಲಿ ಕುರ್ತುಸ್, ಅಂದರೆ ಗಿಡ್ಡ. ಸಂಸ್ಕೃತದಲ್ಲಿ ಕೃಂತತಿ, ಅಂದರೆ ಕತ್ತರಿಸುತ್ತಾನೆ. ಬೆಳಗಾವಿಯಲ್ಲಿದ್ದವರು ಮರಾಠಿ ಬೋರ್ಡುಗಳಲ್ಲಿ ಕೇಶಕರ್ತನಾಲಯ ಎಂದು ಓದಿರಬಹುದು. ಆ ಕರ್ತನ ಇದೇ. ಕರ್ತರಿ ಎಂಬುದೂ ಇದೇ. ಹೈಸ್ಕೂಲಿನಲ್ಲಿ ತತ್ಸಮ ತದ್ಭವ ಪಟ್ಟಿ ಕಲಿತದ್ದು ನೆನಪಿದೆಯಾ? ಕರ್ತರಿ, ಕತ್ತರಿ.

ಅಂದರೆ ಅಪ್ಪನ ಕೈಯಲ್ಲಿದ್ದ ಕತ್ತರಿಯೂ ನನ್ನ ಶಿಯರಿಂಗ್ ಮಷೀನೂ ಹೆಸರಿನಲ್ಲಿ ದೂರದ ನೆಂಟರು.

ಇಲ್ಲಿ ಬಹಳ ಜನ ತಪ್ಪುತ್ತಾರೆ, ಅದಕ್ಕೇ ಈ ಎಚ್ಚರಿಕೆ. ಕಿವಿಯನ್ನು ನಂಬಬೇಡಿ. ಕತ್ತರಿಯ ಪಕ್ಕದಲ್ಲಿ ನಿಲ್ಲುವಂತೆ ಕೇಳಿಸುವುದು ಕಟ್. ಆದರೆ ಕಟ್ ಎಂಬ ಪದ ಇಂಗ್ಲಿಷಿನಲ್ಲಿ ಕಾಣಿಸುವುದೇ ಸುಮಾರು 1300ರ ಹೊತ್ತಿಗೆ. ಅದರ ಮೂಲ ಗಟ್ಟಿಯಾಗಿ ತಿಳಿದಿಲ್ಲ, ಕತ್ತರಿಗೆ ನಂಟು ಕಟ್ಟಲು ಆಧಾರವಿಲ್ಲ. ಕಣ್ಣನ್ನೂ ನಂಬಬೇಡಿ. ಸಿಸರ್ಸ್ ಎಂಬ ಪದದಲ್ಲಿ ಎಸ್ ಜೊತೆ ಸಿ ಕಾಣುತ್ತದೆ, ಇದೂ ಸ್ಕೆರ್ ಮನೆಯದು ಅನಿಸುತ್ತದೆ. ಅಲ್ಲ. ಅದು ಕಡಿಯುವುದು ಎಂಬ ಅರ್ಥದ ಬೇರೊಂದು ಲ್ಯಾಟಿನ್ ಪದದಿಂದ ಫ್ರೆಂಚ್ ದಾರಿಯಲ್ಲಿ ಬಂತು. ಆ ಸ್ಪೆಲ್ಲಿಂಗ್ ಆಮೇಲೆ ಅಂಟಿದ್ದು. ನಮ್ಮ ಕನ್ನಡದಲ್ಲೂ ಇಂಥದ್ದೇ ಒಂದು ಇದೆ. ವ್ಯಾಕರಣದ ಕರ್ತರಿ ಪ್ರಯೋಗಕ್ಕೂ ಕತ್ತರಿಗೂ ಏನೂ ಸಂಬಂಧವಿಲ್ಲ. ಅಲ್ಲಿರುವುದು ಕರ್ತೃ, ಕೆಲಸ ಮಾಡುವವನು.

ಇನ್ನೊಂದು. ಕತ್ತರಿ ಸಂಸ್ಕೃತದಿಂದ ಬಂತು ಅಂದ ಮಾತ್ರಕ್ಕೆ ಕನ್ನಡಕ್ಕೆ ಕತ್ತರಿಸುವ ಪದ ಇರಲಿಲ್ಲ ಅಂತ ಅಲ್ಲ. ಕೊಯ್ಯು, ಕಡಿ, ಸೀಳು, ಕೆತ್ತು, ಕೊರೆ, ಹೆರೆ. ಒಂದೊಂದಕ್ಕೂ ಒಂದೊಂದು ಕೈ, ಒಂದೊಂದು ಹತ್ಯಾರ. ಹೂವನ್ನು ಕಡಿಯುವುದಿಲ್ಲ, ಕಟ್ಟಿಗೆಯನ್ನು ಕೊಯ್ಯುವಾಗ ಗರಗಸ ಬೇಕು. ಕೊಯ್ಯುವುದರಿಂದಲೇ ಕೊಯ್ಲು ಬಂತು. ಇಂಗ್ಲಿಷ್ ಪದದ ಬೇರು ಹುಡುಕುವ ಮಕ್ಕಳಿಗೆ ಇವನ್ನೂ ಹಾಳೆಯ ಬಲಗಡೆ ಬರೆಸಿ. ಶಿಯರ್, ಕಾರ್ವ್, ಚಾಪ್, ಸ್ಲೈಸ್ ನಡುವಿನ ವ್ಯತ್ಯಾಸ ಅವರಿಗೆ ಆಗ ತಾನಾಗಿ ಹಿಡಿಯುತ್ತದೆ.

ದೀಪಾವಳಿಗೆ ಊರಿಗೆ ಹೋದಾಗ ಈ ಹಾಳೆಯನ್ನು ಅಪ್ಪನಿಗೆ ಓದಿ ಹೇಳಿದೆ. ಅವರಿಗೆ ಈಗ 84. ಕುರಿ ಮಾರಿ ಬಹಳ ವರ್ಷವಾಯಿತು. ಕತ್ತರಿ ಇನ್ನೂ ಜಂತಿಯ ಸಂದಿನಲ್ಲಿದೆ. ಪೂರ್ತಿ ಕೇಳಿ, "ಆ ನಕ್ಷತ್ರದ ಮಂದಿ ಕುರಿ ಸಾಕಿದ್ರೇನು?" ಎಂದು ಕೇಳಿದರು.

ನನ್ನ ಹತ್ತಿರ ಆಗ ಉತ್ತರ ಇರಲಿಲ್ಲ. ಬೆಳಗಾವಿಗೆ ಬಂದು ಹುಡುಗಿಯೂ ನಾನೂ ಕೂಡಿ ನೋಡಿದೆವು. ಹೆಣ್ಣು ಕುರಿಗೆ ಇಂಗ್ಲಿಷಿನಲ್ಲಿ ಯೂ. ಲ್ಯಾಟಿನ್ನಿನಲ್ಲಿ ಓವಿಸ್. ಸಂಸ್ಕೃತದಲ್ಲಿ ಅವಿ. ಮೂರಕ್ಕೂ ಒಂದೇ ಬೇರು, ಅದಕ್ಕೂ ಅದೇ ನಕ್ಷತ್ರ. ಫೋನ್ ಮಾಡಿ ಹೇಳಿದೆ, "ಹೌದಪ್ಪಾ, ಸಾಕಿದ್ರು."