‘ತಕ್ಕದ್ದು’ ಮತ್ತು ‘ಬಹುದು’

ಪುರಸಭೆಗೆ ಆಯ್ಕೆಯಾದ ಮೊದಲ ಮಳೆಗಾಲ. ನಮ್ಮ ವಾರ್ಡಿನ ಕೆರೆಕೋಡಿ ಕಡೆಯ ಬೀದಿಯಲ್ಲಿ ಒಬ್ಬ ಅಜ್ಜಿ ನನ್ನ ಎರಡೂ ಕೈ ಹಿಡಿದುಕೊಂಡು, “ಹೆಂಗಾದ್ರೂ ಮಾಡಿ ಒಂದು ಚರಂಡಿ ಮಾಡಿಸ್ಕೊಡವ್ವ ತಾಯಿ, ನಿನ್ನ ಹೆಸರು ಹೇಳ್ಕೊಂಡು ಬದುಕ್ತೀವಿ” ಎಂದರು. ಅವರ ಹೊಸ್ತಿಲಿಗೆ ಮರಳಿನ ಮೂಟೆ ಅಡ್ಡ ಇಟ್ಟಿದ್ದರು. ಅಂಗಳದಲ್ಲಿ ಕಪ್ಪು ನೀರು ನಿಂತು ನೆಲವೇ ಕಾಣುತ್ತಿರಲಿಲ್ಲ. ಸೊಸೆ ಒಂದು ಹಲಗೆಯ ಮೇಲೆ ರಂಗೋಲಿ ಬಿಡಿಸಿ, ಅದನ್ನು ಬಾಗಿಲ ಪಕ್ಕ ಎರಡು ಇಟ್ಟಿಗೆಯ ಮೇಲೆ ಇಟ್ಟಿದ್ದಳು.

“ಮಾಡಿಸ್ಕೊಡ್ತೀನಿ ಅಜ್ಜಿ” ಎಂದೆ. ಮಾಡಿಸಿಕೊಡುವುದು ನನ್ನ ಉಪಕಾರವೆಂದು ಆಗ ನಾನೂ ನಂಬಿದ್ದೆ.

ಕಚೇರಿಯಲ್ಲಿ ಕೇಳಿದಾಗ ಸಿಕ್ಕ ಉತ್ತರ ಎಲ್ಲ ಸದಸ್ಯರಿಗೂ ಸಿಗುವಂಥದ್ದೇ: “ಅನುದಾನ ಬಂದ್ರೆ ನೋಡೋಣ ಮೇಡಂ.” ಅದೇ ತಿಂಗಳ ಸಭೆಯ ವಿಷಯಸೂಚಿಯಲ್ಲಿ ಊರಿನ ಮುಖ್ಯರಸ್ತೆಗೆ ಸ್ವಾಗತ ಕಮಾನು ಕಟ್ಟುವ ವಿಷಯವಿತ್ತು, ಪುರಸಭೆಯ ಸ್ವಂತ ನಿಧಿಯಿಂದ. ಚರಂಡಿಗೆ ಇಲ್ಲದ ಹಣ ಕಮಾನಿಗೆ ಎಲ್ಲಿಂದ ಬಂತೆಂದು ಕೇಳಿದೆ. ಹಿರಿಯ ಸದಸ್ಯರೊಬ್ಬರು ಸಮಾಧಾನವಾಗಿಯೇ ಹೇಳಿದರು: “ಯಾವುದನ್ನ ಮೊದಲು ಮಾಡಬೇಕು ಅನ್ನೋದು ಸಭೆಗೆ ಬಿಟ್ಟಿದ್ದಮ್ಮ.”

ನಿಜಕ್ಕೂ ಹಾಗೇನಾ? ಆ ರಾತ್ರಿ 1964ರ ಕರ್ನಾಟಕ ಪುರಸಭೆಗಳ ಅಧಿನಿಯಮವನ್ನು ಮೊದಲ ಬಾರಿ ತೆರೆದೆ. ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ ಮೂರಕ್ಕೂ ಇದೇ ಕಾಯ್ದೆ. ಬೆಂಗಳೂರು ಬಿಟ್ಟು ಉಳಿದ ಮಹಾನಗರ ಪಾಲಿಕೆಗಳಿಗೆ 1976ರ ಬೇರೆ ಕಾಯ್ದೆಯಿದೆ. ಓದುತ್ತಾ ಹೋದಂತೆ ಕಣ್ಣಿಗೆ ಬಿದ್ದದ್ದು ಎರಡು ಕ್ರಿಯಾಪದಗಳು. 87ನೇ ಕಲಂ ಕಡ್ಡಾಯ ಪ್ರಕಾರ್ಯಗಳದ್ದು. ಬೀದಿದೀಪ, ಬೀದಿ ಮತ್ತು ಚರಂಡಿ ಕಟ್ಟುವುದು, ಅವನ್ನು ಚೊಕ್ಕಟವಾಗಿಡುವುದು, ಕುಡಿಯುವ ನೀರು, ಸ್ಮಶಾನ, ಜನನ ಮರಣ ನೋಂದಣಿ ಎಲ್ಲ ಅದರಲ್ಲಿ ಬರುತ್ತವೆ. ಅಲ್ಲಿನ ಮಾತು ‘ತಕ್ಕದ್ದು’. 91ನೇ ಕಲಂ ವಿವೇಚನೆಗೆ ಬಿಟ್ಟದ್ದು: ಉದ್ಯಾನ, ಗ್ರಂಥಾಲಯ, ವಸ್ತುಸಂಗ್ರಹಾಲಯ ಇತ್ಯಾದಿ. ಅಲ್ಲಿನ ಮಾತು ‘ಬಹುದು’. ಹಿರಿಯರು ಹೇಳಿದ್ದು ‘ಬಹುದು’ ಪಟ್ಟಿಗೆ ಸರಿ. ಅಜ್ಜಿಯ ಚರಂಡಿ ಇದ್ದದ್ದು ‘ತಕ್ಕದ್ದು’ ಪಟ್ಟಿಯಲ್ಲಿ. ಹಲಗೆಯ ಮೇಲಿನ ರಂಗೋಲಿ ನೆನಪಾಗಿ ನನಗೆ ಕೈಮುಗಿಸಿಕೊಂಡು ಬಂದದ್ದಕ್ಕೆ ಬಹಳ ನಾಚಿಕೆಯಾಯಿತು.

ಮರುಸಭೆಯಲ್ಲಿ ಇದನ್ನೇ ಓದಿದೆ. ಮುಖ್ಯಾಧಿಕಾರಿಯವರು ಕಾಯ್ದೆ ಬಲ್ಲವರು. 87ನೇ ಕಲಂ ಕೇಳುವುದು ‘ಯುಕ್ತವಾದ, ಸಾಕಷ್ಟು’ ಏರ್ಪಾಟನ್ನು, ಯಾವ ಬೀದಿಗೆ ಯಾವ ವರ್ಷ ಎಂದು ಅದು ಹೇಳುವುದಿಲ್ಲ, ಹಣವಿಲ್ಲದೆ ಏನು ಮಾಡೋಣ ಎಂದರು. ಅದರಲ್ಲಿ ಅರ್ಧ ನಿಜವಿತ್ತು. ಇಪ್ಪತ್ತಕ್ಕೂ ಹೆಚ್ಚು ವಾರ್ಡುಗಳಿರುವ ಊರಲ್ಲಿ ಎಲ್ಲವನ್ನೂ ಒಂದೇ ವರ್ಷ ಮಾಡಲಾಗದು ಎಂಬುದನ್ನು ನಾನೂ ಒಪ್ಪುತ್ತೇನೆ.

ಹಣವಿಲ್ಲ ಎಂಬ ಇನ್ನರ್ಧಕ್ಕೆ ಉತ್ತರ ಸಿಕ್ಕಿದ್ದು ಪರಿಚಿತ ವಕೀಲರೊಬ್ಬರ ಮನೆಯಲ್ಲಿ. ಮಧ್ಯಪ್ರದೇಶದ ರತ್ಲಾಮಿನ ನ್ಯೂ ರೋಡ್ ಬಡಾವಣೆಯ ಜನ ಇದೇ ಗೋಳು ಹೊತ್ತು ಮ್ಯಾಜಿಸ್ಟ್ರೇಟರ ಬಳಿ ಹೋಗಿದ್ದರು. ಚರಂಡಿಯಿಲ್ಲ, ಶೌಚಾಲಯವಿಲ್ಲ, ಮದ್ಯಸಾರ ಕಾರ್ಖಾನೆಯ ಹೊಲಸು ನೀರು ಬೇರೆ. ಹಣವಿಲ್ಲವೆಂದು ಅಲ್ಲಿನ ಪುರಸಭೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1980ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪು ಆ ನೆಪವನ್ನು ಒಪ್ಪಲಿಲ್ಲ. ಜನರ ಮಾನ, ಘನತೆಗೆ ಬೇಕಾದ ಖರ್ಚು ಸ್ಥಳೀಯ ಸಂಸ್ಥೆಯ ಹಣದ ಮೇಲಿನ ಮೊದಲ ಹೊರೆ ಎಂದಿತು. ಆ ಸಾಲನ್ನು ನಾನು ಮೂರು ಸಲ ಓದಿಸಿಕೊಂಡೆ.

ಬೀದಿಯವರು ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟದ್ದು ರತ್ಲಾಮಿನವರು ಹಿಡಿದ ದಾರಿಯಲ್ಲೇ, ಸಾರ್ವಜನಿಕ ಉಪದ್ರವದ ಕಲಂ ಅಡಿಯಲ್ಲಿ. ಆಗ ಅದು ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಂ. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ. ಅರ್ಜಿಗೆ ಫೋಟೊ, ಮನೆಮನೆಯ ಸಹಿ, ಪುರಸಭೆಗೆ ಹಿಂದೆ ಕೊಟ್ಟ ಮನವಿಗಳ ಸ್ವೀಕೃತಿ ಲಗತ್ತಿಸಿದರು. ಈ ಸ್ವೀಕೃತಿಯೇ ಮುಖ್ಯ. ಬಾಯಿಮಾತಿನ ದೂರಿಗೆ ತಾರೀಕಿರುವುದಿಲ್ಲ.

ಇತ್ತ ನಾನು ಆಸ್ತಿ ತೆರಿಗೆಯ ಬೇಡಿಕೆ, ವಸೂಲಿ, ಬಾಕಿ ವಹಿ ನೋಡಲು ಕೇಳಿದೆ. ಊರಿನ ದೊಡ್ಡ ವಾಣಿಜ್ಯ ಕಟ್ಟಡಗಳ ಮುಂದೆ ವರ್ಷಗಟ್ಟಲೆಯ ಬಾಕಿ! ತೆರಿಗೆ ಹಾಕುವ ಅಧಿಕಾರವನ್ನು ಕಾಯ್ದೆ ಪುರಸಭೆಗೆ ಕೊಟ್ಟಿರುವುದೇ ಈ ಕಡ್ಡಾಯ ಕೆಲಸಗಳಿಗಾಗಿ. ಆ ಅಧಿಕಾರವನ್ನು ಬಳಸದೆ ಕೂತು ಹಣವಿಲ್ಲ ಎನ್ನುವಂತಿಲ್ಲ. ಕಮಾನಿನ ನಿರ್ಣಯಕ್ಕೆ ನನ್ನ ಅಸಮ್ಮತಿಯನ್ನು ಕಾರಣಸಹಿತ ಬರೆದುಕೊಟ್ಟು, ನಡಾವಳಿ ಪುಸ್ತಕದಲ್ಲಿ ದಾಖಲಿಸುವವರೆಗೆ ಸಭೆಯಿಂದ ಏಳಲಿಲ್ಲ. ಉಪವಿಭಾಗಾಧಿಕಾರಿಯ ನೋಟಿಸು ಬಂದ ಮೇಲೆ ಕಮಾನು ಹಿಂದೆ ಸರಿದು, ಚರಂಡಿ ಕ್ರಿಯಾಯೋಜನೆಗೆ ಸೇರಿತು.

ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಕಷ್ಟದ ಭಾಗ ಶುರುವಾದದ್ದೇ ಆಮೇಲೆ. ಮೇಸ್ತ್ರಿ ಪಾರದರ್ಶಕ ಪೈಪಿಗೆ ನೀರು ತುಂಬಿ ಬೀದಿಯ ಎರಡೂ ತುದಿಯ ಮಟ್ಟ ನೋಡಿದರು. ನೀರು ಇಳಿಯಬೇಕಾದ ರಾಜಕಾಲುವೆಗೂ ಬೀದಿಯ ಮೇಲ್ತುದಿಗೂ ಇದ್ದ ಅಂತರ ಒಂದು ಮೊಳವೂ ಇಲ್ಲ. ಎಲ್ಲಿಯೂ ವಂಕಿಲ್ಲದೆ ನೇರ ಹೋದರೆ ಮಾತ್ರ ನೀರು ಹರಿಯುತ್ತದೆ ಎಂದರು. ನೇರ ಹೋಗಲು ಏಳು ಮನೆಗಳ ಮೆಟ್ಟಿಲು, ಜಗುಲಿ ಅಡ್ಡವಿದ್ದವು. ಅವೆಲ್ಲ ಪುರಸಭೆಯ ಬೀದಿಯೊಳಗೆ ಚಾಚಿಕೊಂಡವು. ಅದರಲ್ಲಿ ಒಂದು ನಮ್ಮ ದೊಡ್ಡಮಾವನವರ ಜಗುಲಿ.

ಬೀದಿಗೆ ಚಾಚಿದ್ದನ್ನು ತೆಗೆಸುವ ಅಧಿಕಾರ ಪುರಸಭೆಗಿದೆ. ಜೆಸಿಬಿ ತಂದು ಒಂದೇ ಬೆಳಗ್ಗೆ ಮುಗಿಸಿಬಿಡೋಣ ಎಂದವರೂ ಇದ್ದರು. ನಾನು ಒಪ್ಪಲಿಲ್ಲ. ಮೊದಲು ಸರ್ವೆ, ಆಮೇಲೆ ಪ್ರತಿ ಮನೆಗೂ ಲಿಖಿತ ನೋಟಿಸು, ಉತ್ತರ ಕೊಡಲು ಸಮಯ, ಏಳು ಮನೆಗೂ ಒಂದೇ ಅಳತೆ ಎಂದು ಪಟ್ಟು ಹಿಡಿದೆ. ಕಾನೂನಿನ ಕಣ್ಣಲ್ಲೂ ಅದೇ ಸರಿ. ಮನೆಯವರ ಮಾತು ಕೇಳದೆ ಒಡೆದರೆ ನಾಳೆ ಕೋರ್ಟಿನಲ್ಲಿ ಪುರಸಭೆಯೇ ತಲೆತಗ್ಗಿಸಬೇಕಾಗುತ್ತದೆ. ಒಂದು ಮನೆಯವರ ಉತ್ತರದಿಂದ ಸರ್ವೆಯ ತಪ್ಪು ಗೊತ್ತಾಯಿತು. ಅವರ ಮೆಟ್ಟಿಲು ಅವರದೇ ಜಾಗದಲ್ಲಿತ್ತು. ಅದನ್ನು ಬಿಟ್ಟೆವು.

ದೊಡ್ಡಮಾವ ಒಂದು ತಿಂಗಳು ನನ್ನೊಡನೆ ಮಾತಾಡಲಿಲ್ಲ. ಆ ಜಗುಲಿಯ ಮೇಲೆ ಅವರ ಅಪ್ಪ ಕೂತು ಎಲೆಯಡಿಕೆ ಹಾಕುತ್ತಿದ್ದರಂತೆ. ಒಡೆಯುವ ದಿನ ಅವರೇ ಹಾರೆ ತಂದು ಮೊದಲ ಚಪ್ಪಡಿ ಎಬ್ಬಿಸಿದರು. “ಬೇರೆಯವರ ಕೈಲಿ ಬೇಡ” ಎಂದರು. ಅಷ್ಟೇ.

ಕೆಲಸ ಮುಗಿಯಲು ಒಟ್ಟು ಹದಿನಾಲ್ಕು ತಿಂಗಳು ಬೇಕಾಯಿತು. ಕಮಾನು ಮುಂದಿನ ವರ್ಷ ಬಂತು, ಅದಕ್ಕೆ ನಾನೂ ಕೈಯೆತ್ತಿದೆ. ಊರಿಗೆ ಕಮಾನು ಬೇಡವೆಂದು ನಾನು ಎಂದೂ ಹೇಳಿದವಳಲ್ಲ.

ಈಗ ನಾನು ಸದಸ್ಯೆಯಲ್ಲ. ಮೊನ್ನೆ ಅದೇ ಬೀದಿಯವರು ಸ್ಮಶಾನದ ದಾರಿಗಾಗಿ ಬರೆದ ಮನವಿ ತೋರಿಸಲು ಬಂದಿದ್ದರು. ‘ತಮ್ಮಲ್ಲಿ ದಯಮಾಡಿ ಬೇಡಿಕೊಳ್ಳುವುದೇನೆಂದರೆ’ ಎಂದು ಶುರುವಾಗಿತ್ತು. ಅದನ್ನು ಹೊಡೆದುಹಾಕಿ, ‘ಅಧಿನಿಯಮದ 87ನೇ ಕಲಂ ಪ್ರಕಾರ’ ಎಂದು ಬರೆದುಕೊಟ್ಟೆ. ಎರಡು ಪ್ರತಿ ಮಾಡಿಸಿ, ಒಂದಕ್ಕೆ ಮೊಹರು ಹಾಕಿಸಿಕೊಂಡು ಬನ್ನಿ ಎಂದೆ.